ಬುದ್ಧಿಹಲ್ಲಿನ ವಿಆರ್ ಸಿಮ್ಯುಲೇಟರ್: ಕೈ ಪಳಗಿತು, ಬಾಯಿ ಮಾತ್ರ ನಮ್ಮೂರಿನದಲ್ಲ

ನಮ್ಮ ವಿಭಾಗಕ್ಕೆ ಬಾಯಿ ಶಸ್ತ್ರಚಿಕಿತ್ಸೆಯ ವಿಆರ್ ಸಿಮ್ಯುಲೇಟರ್, ಅಂದರೆ ಹೆಡ್‌ಸೆಟ್ ಹಾಕಿಕೊಂಡು ಕಾಲ್ಪನಿಕ ರೋಗಿಯ ಮೇಲೆ ಅಭ್ಯಾಸ ಮಾಡುವ ಯಂತ್ರ, ಬಂದ ಮೇಲೆ ಇದು ಎರಡನೆಯ ಮಳೆಗಾಲ. ನಾನು ಶಿವಮೊಗ್ಗದಲ್ಲಿ ದಂತ ವಿದ್ಯಾರ್ಥಿಗಳಿಗೆ ಹಲ್ಲು ಕೀಳುವುದನ್ನು ಕಲಿಸುವವಳು. ಕೊಳ್ಳಬಹುದೇ ಎಂದು ಬೇರೆ ಕಾಲೇಜಿನ ಸ್ನೇಹಿತರು ಕೇಳುತ್ತಲೇ ಇರುತ್ತಾರೆ, ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹೆಡ್‌ಸೆಟ್‌ನ ತೂಕ, ಪರದೆಯ ಸ್ಪಷ್ಟತೆ ಇತ್ಯಾದಿ ಕಂಪನಿಯ ಪುಸ್ತಿಕೆಯಲ್ಲೇ ಇವೆ.

ಮೊದಲು ಮನಸ್ಸು ತುಂಬಿದ ಸಂಗತಿ. ಹ್ಯಾಂಡ್‌ಪೀಸಿನಂತೆ (ದಂತವೈದ್ಯರು ಕೈಯಲ್ಲಿ ಹಿಡಿಯುವ ಕೊರೆಯುವ ಉಪಕರಣ) ಹಿಡಿಯುವ ಲೋಹದ ಕಡ್ಡಿಯನ್ನು ಮೋಟಾರುಗಳಿರುವ ತೋಳೊಂದಕ್ಕೆ ಜೋಡಿಸಿದ್ದಾರೆ. ಕಣ್ಣನ್ನು ನಂಬಿಸಲು ಸೆಕೆಂಡಿಗೆ ತೊಂಬತ್ತರಷ್ಟು ಚಿತ್ರಗಳು ಸಾಕು, ಬೆರಳು ಅಷ್ಟಕ್ಕೆ ನಂಬುವುದಿಲ್ಲ. ಮೂಳೆ ಮೂಳೆಯಷ್ಟೇ ಗಟ್ಟಿ ಅನ್ನಿಸಬೇಕಾದರೆ ಆ ತೋಳು ಸೆಕೆಂಡಿಗೆ ಸುಮಾರು 1000 ಸಲ ಲೆಕ್ಕ ಹಾಕಿ ಕೈಯನ್ನು ಹಿಂದಕ್ಕೆ ಒತ್ತಬೇಕು. ನಮ್ಮ ಯಂತ್ರ ಇದನ್ನು ಚೆನ್ನಾಗಿ ಮಾಡುತ್ತದೆ. ಕೆಳದವಡೆಯ ಹೊರಪದರವನ್ನು ಬರ್, ಅಂದರೆ ಕೊರೆಯುವ ತುದಿ, ಕೊರೆಯುವಾಗ ಮಣಿಕಟ್ಟಿಗೆ ಬಿಗಿ ತಾಗುತ್ತದೆ. ಒಳಗಿನ ಮೆದು ಮೂಳೆ ಸಿಕ್ಕ ಕ್ಷಣ, ತೆಂಗಿನ ಚಿಪ್ಪು ದಾಟಿ ಕೊಬ್ಬರಿಗೆ ಇಳಿದಂತೆ, ಕೈ ತಾನೇ ಹಗುರಾಗುತ್ತದೆ. ಈ ವ್ಯತ್ಯಾಸ ಫ್ಯಾಂಟಮ್ ಹೆಡ್‌ನ (ಅಭ್ಯಾಸಕ್ಕೆ ಬಳಸುವ ಕೃತಕ ತಲೆ) ಪ್ಲಾಸ್ಟಿಕ್ ದವಡೆಯಲ್ಲಿ ಇಲ್ಲವೇ ಇಲ್ಲ. ಮಾಂಸದಂಗಡಿಯಿಂದ ತರುವ ಮೇಕೆ ದವಡೆಯಲ್ಲಿ ಮೂಳೆ ನಿಜವಾದದ್ದೇ, ಆದರೆ ಅದರಲ್ಲಿ ಮುಂದಿನ ಹಲ್ಲಿಗೆ ವಾಲಿ ಹೂತುಕೊಂಡ ಬುದ್ಧಿಹಲ್ಲು ಸಿಗುವುದಿಲ್ಲ.

ಬುದ್ಧಿಹಲ್ಲಿನ ಬೇರಿನ ಬುಡದಲ್ಲೇ ಕೆಳದವಡೆಯ ನರ ಹಾದುಹೋಗುತ್ತದೆ. ಅದಕ್ಕೆ ಪೆಟ್ಟಾದರೆ ಆ ಕಡೆಯ ಕೆಳತುಟಿ ಮತ್ತು ಗಲ್ಲ ಜೋಮು ಹಿಡಿಯುತ್ತವೆ, ಕೆಲವರಿಗೆ ತಿಂಗಳುಗಟ್ಟಲೆ, ಕೆಲವರಿಗೆ ಕಾಯಂ. ನಾಲಿಗೆಯ ಕಡೆ ಇನ್ನೊಂದು ನರವಿದೆ. ಹೆಡ್‌ಸೆಟ್‌ನೊಳಗೆ ಮೂಳೆಯನ್ನು ಪಾರದರ್ಶಕ ಮಾಡಿ ಈ ಎರಡನ್ನೂ ತೋರಿಸಬಹುದು. ಎಕ್ಸ್‌ರೇಯಲ್ಲಿ ಎರಡು ಬಿಳಿ ಗೆರೆಯಾಗಿ ಮಾತ್ರ ನೋಡಿದ್ದ ಕೆಳದವಡೆಯ ನರದ ಕಾಲುವೆಯನ್ನು ವಿದ್ಯಾರ್ಥಿಗಳು ಸುತ್ತಲಿಂದಲೂ ನೋಡುತ್ತಾರೆ. ಆಮೇಲೆ ಕೆನ್ನೆಯ ಕಡೆಯಿಂದಲೇ ಮೂಳೆ ತೆಗೆಯಬೇಕು ಎಂದು ನಾನು ಗಂಟಲು ಹರಿದುಕೊಳ್ಳಬೇಕಾಗಿಲ್ಲ.

ಮಲೆನಾಡಿನ ಮಳೆಗಾಲದಲ್ಲಿ ಇದನ್ನು ಸಾಕುವುದೇ ಒಂದು ದಿನಚರಿ. ಜೂನ್ ಬಂದರೆ ಗೋಡೆಯೂ ಬೆವರುವ ಊರಿದು, ಕ್ಯಾಮೆರಾ ಇಟ್ಟುಕೊಂಡವರಿಗೆ ಲೆನ್ಸಿನ ಬೂಷ್ಟಿನ ಭಯ ಗೊತ್ತು. ಸಂಜೆ ತರಗತಿ ಮುಗಿದ ಮೇಲೆ ಹೆಡ್‌ಸೆಟ್‌ನ ಮುಖದ ಪಟ್ಟಿಯನ್ನು ಬಿಚ್ಚಿ ಬೇರೆ ಒಣಗಿಸುತ್ತೇವೆ. ಲೆನ್ಸನ್ನು ಒಣ ಮೈಕ್ರೋಫೈಬರ್ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ಸುತ್ತುತ್ತಾ ಒರೆಸುತ್ತೇವೆ, ಸ್ಪಿರಿಟ್ ಮುಟ್ಟಿಸುವುದಿಲ್ಲ. ನಂತರ ಬಿಗಿ ಮುಚ್ಚಳದ ದೊಡ್ಡ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಸಿ ಅದರ ಮೇಲೆ ಇಡುತ್ತೇವೆ. ನೀಲಿ ಹರಳು ಗುಲಾಬಿಯಾದರೆ ತೇವ ಕುಡಿದಿದೆ ಎಂದರ್ಥ. ಆಗ ಲ್ಯಾಬಿನ ಓವನ್ನಿನಲ್ಲಿ ಕಾಯಿಸಿ ಮತ್ತೆ ನೀಲಿ ಮಾಡಿಕೊಳ್ಳುತ್ತೇವೆ. ಬೆಳಿಗ್ಗೆ ಬಂದವರು ಮೊದಲು ಡಬ್ಬಿ ತೆರೆದು ಬಣ್ಣ ನೋಡುತ್ತಾರೆ, ಆಮೇಲೆ ಹಾಜರಿ ಹಾಕುತ್ತಾರೆ. ನಮ್ಮ ಲೆನ್ಸಿನಲ್ಲಿ ಈವರೆಗೆ ಒಂದು ಚುಕ್ಕೆಯೂ ಬಿದ್ದಿಲ್ಲ, ಅದಕ್ಕೆ ವಿದ್ಯಾರ್ಥಿಗಳ ಮೇಲೆ ನನಗೆ ಅಭಿಮಾನವಿದೆ. ಯುಪಿಎಸ್ ಇಲ್ಲದೆ ಮಾತ್ರ ಕೊಳ್ಳಬೇಡಿ. ಕರೆಂಟು ಹೋಗಿ ಬಂದರೆ ತೋಳನ್ನು ಮತ್ತೆ ಮೊದಲಿನಿಂದ ಹೊಂದಿಸಬೇಕು, ಗಾಳಿಮಳೆಯ ದಿನ ಪಾಠವೇ ನಡೆಯುವುದಿಲ್ಲ.

ಇಷ್ಟೆಲ್ಲ ಜೋಪಾನ ಮಾಡಿದ ಮೇಲೂ ಈ ಯಂತ್ರದ ಮೇಲೆ ನನಗೆ ಸಿಟ್ಟಿದೆ. ಕಾರಣ ಅದರೊಳಗಿನ ರೋಗಿಯ ಬಾಯಿ.

ಅವನು ಸದಾ ಬಾಯಿಯನ್ನು ಪೂರ್ತಿ ತೆರೆದುಕೊಂಡೇ ಕುಳಿತಿರುತ್ತಾನೆ. ಮೇಲಿನ ಮತ್ತು ಕೆಳಗಿನ ಮುಂಬಲ್ಲುಗಳ ನಡುವೆ ಸುಮಾರು 40 ಮಿಲಿಮೀಟರ್ ಅಂತರ, ಮೂರು ಬೆರಳು ಸಲೀಸಾಗಿ ಹಿಡಿಯುತ್ತವೆ. ಆರೋಗ್ಯವಂತರ ಬಾಯಿ ಹಾಗೆಯೇ ತೆರೆಯುತ್ತದೆ, ನಿಜ. ನಮ್ಮ ಹೊರರೋಗಿ ವಿಭಾಗಕ್ಕೆ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯಿಂದ ಬರುವ ಎಷ್ಟೋ ಮಂದಿಗೆ ಎರಡು ಬೆರಳು ಹಿಡಿದರೆ ಹೆಚ್ಚು. ನಾನೂ ಅಡಿಕೆ ತೋಟದ ಮನೆಯವಳೇ, ಊಟದ ನಂತರ ಕವಳದ ತಟ್ಟೆ ಬರುವುದನ್ನು ನೋಡುತ್ತಾ ಬೆಳೆದವಳು. ಈಗ ತಟ್ಟೆಯ ಜಾಗಕ್ಕೆ ಪ್ಯಾಕೆಟ್ ಬಂದಿದೆ. 2013ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧವಾಯಿತು. ಪಾನ್ ಮಸಾಲೆಯ ಒಂದು ಪೊಟ್ಟಣ, ಹೊಗೆಸೊಪ್ಪಿನ ಇನ್ನೊಂದು ಪೊಟ್ಟಣ ಕೊಂಡು ಬೆರೆಸಿಕೊಳ್ಳುವುದು ನಿಲ್ಲಲಿಲ್ಲ. ಅಡಿಕೆಯಲ್ಲಿರುವ ಅರೆಕೊಲಿನ್ ಕೆನ್ನೆಯ ಒಳಪದರದಲ್ಲಿ ನಾರನ್ನು ಹೆಚ್ಚಿಸುತ್ತದೆ. ಕೆನ್ನೆ ಬಿಳಿಚಿ, ಬಿಗಿದು, ಬಾಯಿ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತದೆ. ಇದೇ ಸಬ್‌ಮ್ಯೂಕಸ್ ಫೈಬ್ರೋಸಿಸ್. ಪೂರ್ವ ಆಫ್ರಿಕಾದಲ್ಲಿದ್ದ ಭಾರತೀಯ ಮಹಿಳೆಯರಲ್ಲಿ ಶ್ವಾರ್ಟ್ಜ್ ಎಂಬ ಸಂಶೋಧಕರು ಇದನ್ನು ಗುರುತಿಸಿದ್ದು 1952ರಲ್ಲಿ. ಅಷ್ಟು ಹಳೆಯ ಕಾಯಿಲೆ ಈ ಸಾಫ್ಟ್‌ವೇರ್ ಬರೆದವರಿಗೆ ತಲುಪಿಯೇ ಇಲ್ಲ.

ಕಿರಿದಾದ ಬಾಯಲ್ಲಿ ಇಡೀ ಕೆಲಸದ ಸ್ವರೂಪವೇ ಬೇರೆ. ಕೆನ್ನೆ ಸರಿಸುವ ರಿಟ್ರ್ಯಾಕ್ಟರೇ ಅರ್ಧ ಜಾಗ ತಿನ್ನುತ್ತದೆ. ಹ್ಯಾಂಡ್‌ಪೀಸನ್ನು ನೆಟ್ಟಗೆ ಇಳಿಸಲಾಗುವುದಿಲ್ಲ, ಮುಂದಿನಿಂದ ಓರೆಯಾಗಿ ತರಬೇಕು. ಹಲ್ಲನ್ನು ತುಂಡರಿಸುವ ಗೆರೆಯೂ ಅದಕ್ಕೆ ತಕ್ಕಂತೆ ವಾಲುತ್ತದೆ. ಸಿಮ್ಯುಲೇಟರಿನಲ್ಲಿ ಅತಿ ಹೆಚ್ಚು ಅಂಕ ಗಳಿಸಿದವರು ಮೈನರ್ ಓಟಿಯಲ್ಲಿ (ಸಣ್ಣ ಶಸ್ತ್ರಚಿಕಿತ್ಸೆಯ ಕೋಣೆ) ಮೊಣಕೈ ಎತ್ತಿ ಹಿಡಿದು ನಿಲ್ಲುವುದನ್ನು ನೋಡಿದ್ದೇನೆ. ಆ ಎತ್ತರದಿಂದ ಬರ್ ನಮ್ಮ ರೋಗಿಯ ಬಾಯೊಳಗೆ ಹೋಗುವುದೇ ಇಲ್ಲ. "ಇಷ್ಟೇ ಡಾಕ್ಟರೇ, ಇದಕ್ಕಿಂತ ಆಗುವುದಿಲ್ಲ" ಎಂದು ರೋಗಿ ನಾಚಿಕೆಯಿಂದ ಹೇಳುವಾಗ ಕಲಿತ ಕೋನವನ್ನೆಲ್ಲ ಕೈ ಮರೆಯಬೇಕಾಗುತ್ತದೆ. ತಪ್ಪು ರೋಗಿಯದಲ್ಲ, ವಿದ್ಯಾರ್ಥಿಯದೂ ಅಲ್ಲ.

ಬಾಯಿಯ ಅಂತರವನ್ನು ಕಡಿಮೆ ಮಾಡುವ ಸೌಲಭ್ಯ ಕೊಡಿ ಎಂದು ಕಂಪನಿಗೆ ಬರೆದೆ. ಮುಂದಿನ ಆವೃತ್ತಿಯಲ್ಲಿ ಪರಿಶೀಲಿಸುತ್ತೇವೆ, ಅದಕ್ಕೆ ಪ್ರತ್ಯೇಕ ಶುಲ್ಕವಿರಬಹುದು ಎಂಬ ಉತ್ತರ ಬಂತು. ವರ್ಷವರ್ಷವೂ ಪರವಾನಗಿ ಶುಲ್ಕ ಕಟ್ಟುತ್ತಿರುವ ವಿಭಾಗಕ್ಕೆ ಇದು ಒಪ್ಪುವ ಮಾತಲ್ಲ. ಆ ಹಣಕ್ಕೆ ಇನ್ನೊಂದು ಒಳ್ಳೆಯ ಸರ್ಜಿಕಲ್ ಮೈಕ್ರೋಮೋಟಾರ್ ಬರುತ್ತಿತ್ತು.

ಹಾಗಾಗಿ ನಾನು ಪಾಠದ ಕ್ರಮವನ್ನೇ ಬದಲಾಯಿಸಿದ್ದೇನೆ. ಸಿಮ್ಯುಲೇಟರಿನಲ್ಲಿ ಮೂಳೆಯ ಸ್ಪರ್ಶ, ನರದ ದಾರಿ, ಕೆಲಸದ ಅನುಕ್ರಮ. ಅಷ್ಟಕ್ಕೇ ನಿಲ್ಲಿಸುತ್ತೇವೆ, ಅಂಕಪಟ್ಟಿ ನೋಡುವುದಿಲ್ಲ. ಮರುದಿನವೇ ಫ್ಯಾಂಟಮ್ ಹೆಡ್‌ನ ಬಾಯಿಯನ್ನು 25 ಮಿಲಿಮೀಟರಿಗೆ ಬಿಗಿದು ಅದೇ ಹಲ್ಲನ್ನು ಮತ್ತೆ ತೆಗೆಸುತ್ತೇನೆ. ಅಲ್ಲಿ ಕೊರೆಯುವ ಜಾಗ ತಣ್ಣಗಿರಲು ಸಲೈನ್ ಹರಿಸುವುದೂ ಕಡ್ಡಾಯ, ಏಕೆಂದರೆ ಯಂತ್ರದೊಳಗೆ ಮೂಳೆ ಬಿಸಿಯಾಗುವುದಿಲ್ಲ. ನಿಜವಾದ ಮೂಳೆ 47 ಡಿಗ್ರಿಯಲ್ಲಿ ಒಂದು ನಿಮಿಷ ಕಾದರೂ ಕೆಡುತ್ತದೆ.

ಕೊಳ್ಳಬೇಕೆಂದಿರುವವರು ಪ್ರಾತ್ಯಕ್ಷಿಕೆಗೆ ಬಂದ ಪ್ರತಿನಿಧಿಗೆ ಒಂದೇ ಮಾತು ಹೇಳಿ: ರೋಗಿಯ ಬಾಯಿಯನ್ನು ಎರಡು ಬೆರಳಿನಷ್ಟಕ್ಕೆ ಇಳಿಸಿ ತೋರಿಸಿ. ತೋರಿಸಲಾಗದಿದ್ದರೆ ಅರ್ಧ ಬೆಲೆಗೆ ಕೊಟ್ಟರೂ ಯೋಚಿಸಿ. ಅಂಥ ಯಂತ್ರ ಈಗಾಗಲೇ ಯಾರ ಬಳಿಯಾದರೂ ಇದ್ದರೆ ದಯವಿಟ್ಟು ತಿಳಿಸಿ. ಶಿವಮೊಗ್ಗದಿಂದ ರಾತ್ರಿ ಬಸ್ಸು ಹತ್ತಿ ಬೆಳಗಾಗುವುದರೊಳಗೆ ತಲುಪುವ ಊರಾದರೆ ನನ್ನ ಇಂಟರ್ನ್‌ಗಳನ್ನು ಕರೆದುಕೊಂಡೇ ಬರುತ್ತೇನೆ.