ಫೆಂಟನಿಲ್ ಪರೀಕ್ಷಾ ಸ್ಟ್ರಿಪ್: ಎರಡು ಗೆರೆ ಬಂದರೂ ನಿಶ್ಚಿಂತೆ ಇಲ್ಲ

ಮಾದಕವಸ್ತುವಿನಲ್ಲಿ ಫೆಂಟನಿಲ್ ಎಂಬ ಅತಿ ಪ್ರಬಲ ಓಪಿಯಾಯ್ಡ್ (ಅಫೀಮಿನಂತೆ ಕೆಲಸ ಮಾಡುವ ನೋವುನಿವಾರಕ) ಬೆರೆತಿದೆಯೇ ಎಂದು ನೋಡಲು ಒಂದು ಸ್ಟ್ರಿಪ್ ಇದೆ. ಕೋವಿಡ್ ಕಿಟ್ ನೋಡಿ ಅಭ್ಯಾಸವಾದವರು ಈ ಸ್ಟ್ರಿಪ್ ಓದುವಾಗ ಎಡವುವುದು ಹೆಚ್ಚುಕಡಿಮೆ ಖಚಿತ. ಇಲ್ಲಿ ಎಲ್ಲ ತಿರುಗುಮುರುಗು: ಎರಡು ಗೆರೆ ನೆಗೆಟಿವ್, ಒಂದೇ ಗೆರೆ ಪಾಸಿಟಿವ್. ಪರೀಕ್ಷಾ ಗೆರೆ ಇರುವ ಜಾಗಕ್ಕೆ ಫೆಂಟನಿಲ್‌ನಂಥ ಅಣುವನ್ನು ಮೊದಲೇ ಅಂಟಿಸಿರುತ್ತಾರೆ. ನೀರಿನೊಡನೆ ಮೇಲೇರುವ ಬಣ್ಣದ ಪ್ರತಿಕಾಯಗಳು ಅದನ್ನು ಹಿಡಿದುಕೊಂಡರೆ ಗೆರೆ ಮೂಡುತ್ತದೆ. ನೀರಿನಲ್ಲೇ ಫೆಂಟನಿಲ್ ಇದ್ದರೆ ಅವು ದಾರಿಯಲ್ಲೇ ಭರ್ತಿಯಾಗಿಬಿಡುತ್ತವೆ, ಗೆರೆ ಮೂಡುವುದಿಲ್ಲ. ಹಾಗಾಗಿ ಎರಡನೇ ಗೆರೆ ಎಷ್ಟೇ ಮಸುಕಾಗಿದ್ದರೂ ನೆಗೆಟಿವ್ ಎಂದೇ ಲೆಕ್ಕ. ಕಂಟ್ರೋಲ್ ಗೆರೆಯೇ ಬರದಿದ್ದರೆ ಆ ಸ್ಟ್ರಿಪ್ ಕಸದ ಬುಟ್ಟಿಗೆ.

ಅಮೆರಿಕ, ಕೆನಡಾಗಳಲ್ಲಿ ಹೆಚ್ಚಾಗಿ ಸಿಗುವುದು ಬಿಟಿಎನ್‌ಎಕ್ಸ್ ಎಂಬ ಕೆನಡಾ ಕಂಪನಿಯ ಸ್ಟ್ರಿಪ್. ಮೂತ್ರಪರೀಕ್ಷೆಗೆಂದು ಹುಟ್ಟಿದ ಸಾಧನವನ್ನು ಪುಡಿ, ಮಾತ್ರೆಗಳ ಪರೀಕ್ಷೆಗೆ ಒಗ್ಗಿಸಿದ್ದು. ಬೆಲೆ ಸುಮಾರು ಒಂದು ಡಾಲರ್. ಅನೇಕ ಕಡೆ ಆರೋಗ್ಯ ಇಲಾಖೆಗಳೇ ಪುಕ್ಕಟೆ ಕೊಡುತ್ತವೆ. ಅಲ್ಲಿ ಓದುವ ನಮ್ಮ ಹುಡುಗರಿಗೆ ಇದು ಯಾಕೆ ಬೇಕು ಎನ್ನುವವರಿಗೆ ಒಂದು ಮಾತು: ಪರೀಕ್ಷೆಯ ಹಿಂದಿನ ರಾತ್ರಿ ಗೆಳೆಯ ಕೊಡುವ ‘ಆಡೆರಾಲ್’ (ಏಕಾಗ್ರತೆಯ ಮಾತ್ರೆ) ಅಥವಾ ‘ಕ್ಸಾನಾಕ್ಸ್’ (ಆತಂಕ ತಗ್ಗಿಸುವ ಮಾತ್ರೆ) ಔಷಧ ಅಂಗಡಿಯಿಂದ ಬಂದದ್ದಲ್ಲದಿದ್ದರೆ ಅದು ನಕಲಿ ಮಾತ್ರೆಯಾಗಿರಬಹುದು, ಒಳಗೆ ಫೆಂಟನಿಲ್ ಇರಬಹುದು. ಅಮೆರಿಕದ ಮಾದಕವಸ್ತು ನಿಗ್ರಹ ಸಂಸ್ಥೆಯ ಪ್ರಕಾರ 2 ಮಿಲಿಗ್ರಾಂ ಜೀವ ತೆಗೆಯಬಲ್ಲದು. ಉಪ್ಪಿನ ಕೆಲವೇ ಹರಳಿನಷ್ಟು.

ಬಳಸುವ ಕ್ರಮ ಸರಳ, ಆದರೆ ಅಳತೆ ತಪ್ಪಬಾರದು. ಕನಿಷ್ಠ 10 ಮಿಲಿಗ್ರಾಂ ಪುಡಿಗೆ ಅರ್ಧ ಟೀ ಚಮಚ ನೀರು. ಮೆಥ್ (ಮೆಥಾಂಫೆಟಮಿನ್) ಅಥವಾ ಎಂಡಿಎಂಎ (ಎಕ್ಸ್‌ಟಸಿ) ಎಂಬ ಉತ್ತೇಜಕಗಳಾದರೆ ಅಷ್ಟೇ ಪುಡಿಗೆ ಒಂದು ತುಂಬು ಟೀ ಚಮಚ. ಅಲೆಗೆರೆ ಇರುವ ತುದಿಯನ್ನು 15 ಸೆಕೆಂಡು ಅದ್ದಿ, ಸಮತಟ್ಟಾದ ಜಾಗದಲ್ಲಿ ಮಲಗಿಸಿ, 2ರಿಂದ 5 ನಿಮಿಷದೊಳಗೆ ಓದಬೇಕು. ನೀರು ಕಡಿಮೆಯಾದರೆ ಮೆಥ್, ಎಂಡಿಎಂಎ, ಅಲರ್ಜಿ ಮಾತ್ರೆಯ ಡೈಫೆನ್‌ಹೈಡ್ರಮಿನ್ ಕೂಡ ಸುಳ್ಳು ಪಾಸಿಟಿವ್ ತೋರಿಸುತ್ತವೆ. ಎಂಡಿಎಂಎಯೇ ಹೆಚ್ಚು ಓಡಾಡುವ ಬೆಂಗಳೂರಿನಂಥ ಊರಿನಲ್ಲಿ ಯಾರಾದರೂ ಈ ಸ್ಟ್ರಿಪ್ ತರಿಸಿಕೊಂಡರೆ ಮೊದಲು ಮೋಸ ಹೋಗುವುದು ಇಲ್ಲೇ.

ಇನ್ನೂ ದೊಡ್ಡ ತಪ್ಪು ಎಂದರೆ ಮಾತ್ರೆಯ ಒಂದು ಮೂಲೆ ಕೆರೆದು ನೋಡುವುದು. ಕಳ್ಳ ಮಾತ್ರೆ ಒತ್ತುವವರು ಹದವಾಗಿ ಕಲಸುವುದಿಲ್ಲ. ಉಪ್ಪಿಟ್ಟಿನಲ್ಲಿ ಗೋಡಂಬಿ ಒಂದೇ ಕಡೆ ಬಿದ್ದ ಹಾಗೆ ಫೆಂಟನಿಲ್ ಒಂದು ಅರ್ಧದಲ್ಲಿ ಗಂಟುಕಟ್ಟಿ, ಇನ್ನೊಂದರಲ್ಲಿ ಇಲ್ಲದೆಯೂ ಇರಬಹುದು. ಇಡೀ ಮಾತ್ರೆಯನ್ನು ಪುಡಿಮಾಡಿ ಬೆರೆಸಿ ನೋಡಿದರಷ್ಟೇ ಉತ್ತರಕ್ಕೆ ಬೆಲೆ. ಆಗಲೂ ಸ್ಟ್ರಿಪ್ ಹೇಳುವುದು ‘ಇದೆ’ ಅಥವಾ ‘ಕಾಣಲಿಲ್ಲ’ ಎಂದಷ್ಟೇ. ಎಷ್ಟಿದೆ ಎಂದು ಹೇಳುವುದಿಲ್ಲ.

ನಮ್ಮ ನಿಜವಾದ ತಕರಾರು ಬೇರೆ. ಪ್ರತಿಕಾಯ ಗುರುತಿಸುವುದು ಅಣುವಿನ ಆಕಾರವನ್ನು. ಕಾನೂನಿನ ದಾರಿಯೂ ಅದೇ. ಚೀನಾ 2019ರ ಮೇ 1ರಿಂದ ಫೆಂಟನಿಲ್ ಮಾದರಿಯ ಎಲ್ಲ ವಸ್ತುಗಳನ್ನೂ ಒಂದೇ ವರ್ಗವಾಗಿ ನಿಯಂತ್ರಣಕ್ಕೆ ತಂದಿತು. ಅಮೆರಿಕ 2025ರ ಜುಲೈನಲ್ಲಿ ಹಾಲ್ಟ್ ಫೆಂಟನಿಲ್ ಕಾಯ್ದೆಯ ಮೂಲಕ ಅವನ್ನು ಅತ್ಯಂತ ಬಿಗಿ ನಿಯಂತ್ರಣದ ಪಟ್ಟಿಯಾದ ಒಂದನೇ ಷೆಡ್ಯೂಲ್‌ನಲ್ಲಿ ಕಾಯಂ ಮಾಡಿತು. ಅಷ್ಟರಲ್ಲಿ ನಿಟಜೀನ್ ಎಂಬ ಬೇರೆ ಬಗೆಯ ಓಪಿಯಾಯ್ಡ್‌ಗಳು ಬಂದಾಗಿತ್ತು. 1950ರ ದಶಕದಲ್ಲಿ ಸ್ವಿಟ್ಜರ್ಲೆಂಡ್‌ನ ಸೀಬಾ ಕಂಪನಿ ನೋವುನಿವಾರಕವಾಗಿ ತಯಾರಿಸಿ, ಮಾರುಕಟ್ಟೆಗೆ ಬಾರದೇ ಉಳಿದ ಅಣುಗಳಿವು. ರಚನೆಯೇ ಬೇರೆಯಾದ್ದರಿಂದ ಫೆಂಟನಿಲ್ ಕಾನೂನಿನ ವ್ಯಾಖ್ಯೆಗೂ ಸಿಗುವುದಿಲ್ಲ, ಫೆಂಟನಿಲ್ ಸ್ಟ್ರಿಪ್‌ಗೂ ಸಿಗುವುದಿಲ್ಲ. ಬ್ರಿಟನ್ 2025ರ ಜನವರಿಯಲ್ಲಿ ಅವುಗಳಿಗೂ ವರ್ಗಾವಾರು ನಿಷೇಧ ತಂದಿತು. ನಿಟಜೀನ್‌ಗೆ ಬೇರೆ ಸ್ಟ್ರಿಪ್ ಬಂದಿದೆ, ಅದರ ಕಣ್ಣಿಗೂ ಕೆಲವು ಬೀಳುವುದಿಲ್ಲ. ಬೆರಕೆಯಾಗಿ ಬರುವ, ಜಾನುವಾರುಗಳ ಮಂಪರು ಔಷಧ ಜೈಲಜೀನ್‌ಗೆ ಮತ್ತೊಂದು.

ಸ್ಟ್ರಿಪ್ ಇಟ್ಟುಕೊಳ್ಳುವುದೇ ಅಪರಾಧವಾಗಿದ್ದ ರಾಜ್ಯಗಳು ಅಮೆರಿಕದಲ್ಲಿ ಹಲವು ಇದ್ದವು, ಮಾದಕ ಸೇವನೆಯ ಸಲಕರಣೆ ಎಂಬ ಹೆಸರಿನಲ್ಲಿ. 2021ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರದ ಅನುದಾನದಲ್ಲೇ ಕೊಳ್ಳಲು ಅನುಮತಿ ಸಿಕ್ಕ ಮೇಲೆ ಬಹುಪಾಲು ರಾಜ್ಯಗಳು ಕಾನೂನು ತಿದ್ದಿಕೊಂಡವು. ಟೆಕ್ಸಾಸ್‌ನಲ್ಲಿ 2023ರ ಮಸೂದೆ ಕೆಳಮನೆ ದಾಟಿ ಸೆನೆಟ್‌ನಲ್ಲಿ ನಿಂತುಹೋಯಿತು. ಕೊಳ್ಳುವ ಮೊದಲು ಆಯಾ ರಾಜ್ಯದ ನಿಯಮ ನೋಡಿಕೊಳ್ಳಿ.

ಸ್ಟ್ರಿಪ್ ಜೊತೆಗೆ ನಲೋಕ್ಸೋನ್ (ಓಪಿಯಾಯ್ಡ್‌ನ ಪರಿಣಾಮ ಇಳಿಸುವ ಮದ್ದು) ಮೂಗಿನ ಸ್ಪ್ರೇ ಕೊಳ್ಳದಿದ್ದರೆ ಅರ್ಧ ಕೆಲಸ ಮಾಡಿದ ಹಾಗೆ. ವೈದ್ಯರ ಚೀಟಿ ಇಲ್ಲದೆ ಅದನ್ನು ಮಾರಲು ಅಮೆರಿಕದಲ್ಲಿ 2023ರ ಮಾರ್ಚ್‌ನಲ್ಲಿ ಅನುಮತಿ ಸಿಕ್ಕಿತು. ಉಸಿರು ನಿಧಾನವಾಗಿ ತುಟಿ ನೀಲಿಗಟ್ಟಿದರೆ 911ಕ್ಕೆ ಕರೆ, ಒಂದು ಹೊಳ್ಳೆಗೆ 4 ಮಿಲಿಗ್ರಾಂ, 2–3 ನಿಮಿಷದಲ್ಲಿ ಚೇತರಿಕೆ ಕಾಣದಿದ್ದರೆ ಇನ್ನೊಂದು ಹೊಳ್ಳೆಗೆ ಮತ್ತೊಂದು ಡೋಸ್. ನಿಟಜೀನ್‌ಗೂ ಇದು ಕೆಲಸ ಮಾಡುತ್ತದೆ, ಹೆಚ್ಚು ಡೋಸ್ ಬೇಕಾಗಬಹುದು. ಜೈಲಜೀನ್‌ಗೆ ಮಾತ್ರ ನಾಟುವುದಿಲ್ಲ. ಆಂಬುಲೆನ್ಸ್ ಬರುವವರೆಗೆ ಬಾಯಿಂದ ಉಸಿರು ಕೊಡುತ್ತಲೇ ಇರಬೇಕು.