ಎಳೆಯ ಕಬಡ್ಡಿ ರೈಡರ್‌ನ ಆಟ ಅಳೆಯಲು ಕಿನೋವಿಯಾ: ನಮ್ಮ ಕರಾವಳಿ ಮೈದಾನಗಳಿಗೆ ಎಷ್ಟು ಒಗ್ಗುತ್ತದೆ?

ಕಿನೋವಿಯಾ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಓಡುವ ಪುಕ್ಕಟೆ ತಂತ್ರಾಂಶ. ಕ್ರೀಡೆಯ ವಿಡಿಯೊವನ್ನು ಒಂದೊಂದೇ ಚೌಕಟ್ಟಾಗಿ ಸರಿಸಿ ನೋಡಬಹುದು, ಸಮಯ ಮತ್ತು ದೂರ ಅಳೆಯಬಹುದು, ಎರಡು ವಿಡಿಯೊಗಳನ್ನು ಅಕ್ಕಪಕ್ಕ ಓಡಿಸಬಹುದು. ಅಂಕೋಲಾ, ಕುಮಟಾ, ಹೊನ್ನಾವರ ಕಡೆಯ ಹೊನಲು ಬೆಳಕಿನ ಪಂದ್ಯಾವಳಿಯಲ್ಲಿ ಹದಿನೇಳರ ಹುಡುಗ ಒಂದೇ ರೈಡ್‌ನಲ್ಲಿ ಮೂವರನ್ನು ಔಟ್ ಮಾಡಿದರೆ ‘ಇಂವ ಪ್ರೊ ಕಬಡ್ಡಿಗೇ ಹೋಗವ’ ಎಂಬ ಮಾತು ಬಂದೇ ಬರುತ್ತದೆ. ಆ ಮಾತಿನಲ್ಲಿ ಹುರುಳಿದೆಯೇ ಎಂದು ನೋಡುವ ತರಬೇತುದಾರರಿಗೆ ಈ ತಂತ್ರಾಂಶ ಧಾರಾಳ ಸಾಕು. ಆದರೆ ಚಿತ್ರೀಕರಣ ಸರಿ ಇರಬೇಕು, ಏನನ್ನು ಅಳೆಯಬೇಕೆಂಬುದು ಮೊದಲೇ ಗೊತ್ತಿರಬೇಕು. ಅದು ತಾನಾಗಿ ಏನನ್ನೂ ಎಣಿಸಿ ಕೊಡುವುದಿಲ್ಲ.

ಹೆಚ್ಚಿನವರು ಎಡವುವುದು ಚಿತ್ರೀಕರಣದಲ್ಲೇ. ಫೋನನ್ನು ಅಂಕಣದ ಪಕ್ಕದಲ್ಲಿ ಎದೆಮಟ್ಟದಲ್ಲಿ ಹಿಡಿದರೆ ಕವರ್ ಆಟಗಾರನ (ಮೂಲೆಯ ಡಿಫೆಂಡರ್‌ನ ಒಳಬದಿಗೆ ನಿಲ್ಲುವವನ) ಬೆನ್ನೇ ರೈಡರ್‌ನ ಕಾಲನ್ನು ಮುಚ್ಚುತ್ತದೆ. ಮೂರು-ನಾಲ್ಕು ಮೀಟರ್ ಎತ್ತರ ಬೇಕು. ಗ್ಯಾಲರಿಯ ಮೇಲಿನ ಮೆಟ್ಟಿಲು ಅಥವಾ ವೀಕ್ಷಕ ವಿವರಣೆಯ ಅಟ್ಟಣಿಗೆ ಒಳ್ಳೆಯ ಜಾಗ. ಅಗಲ ಕೋನದ ಲೆನ್ಸ್ ಬೇಡ, ಅದು ಅಂಚಿನ ಗೆರೆಗಳನ್ನು ಬಗ್ಗಿಸುತ್ತದೆ. ಕಡಲಗಾಳಿ ಜೋರಿದ್ದರೆ ಟ್ರೈಪಾಡಿನ ನಡುಗಂಬಕ್ಕೆ ಮರಳಿನ ಚೀಲ ತೂಗುಹಾಕಿ.

ಹಗಲಾದರೆ ಸೆಕೆಂಡಿಗೆ 120 ಚೌಕಟ್ಟು, ಶಟರ್ 1/500. ರಾತ್ರಿ ಹಾಗಲ್ಲ. ನಮ್ಮ ವಿದ್ಯುತ್ 50 ಹರ್ಟ್ಜ್‌ನದು, ಹಾಗಾಗಿ ಬಹಳಷ್ಟು ಫ್ಲಡ್‌ಲೈಟುಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. 120ರಲ್ಲಿ ಒಂದು ಚೌಕಟ್ಟಿಗೆ ಸಿಗುವ ಸಮಯ ಆ ಒಂದು ಮಿನುಗಿಗಿಂತಲೂ ಕಡಿಮೆ, ಚಿತ್ರ ಪಟಪಟನೆ ಹೊಡೆದುಕೊಳ್ಳುತ್ತದೆ. ರಾತ್ರಿಗೆ 60 ಚೌಕಟ್ಟು, ಶಟರ್ 1/100 ಎಂದು ಬಿಗಿಮಾಡಿ. ಬೀಸುವ ಕೈ ಸ್ವಲ್ಪ ಮಸುಕಾಗುತ್ತದೆ, ಪಾದ ಸ್ಪಷ್ಟವಿರುತ್ತದೆ. ನಮಗೆ ಬೇಕಾದದ್ದು ಪಾದವೇ. ಇನ್ನೊಂದು ತೊಡಕು: ಬೆಳಕು ಕಡಿಮೆಯಾದಾಗ ಎಷ್ಟೋ ಫೋನುಗಳು ಚೌಕಟ್ಟಿನ ವೇಗವನ್ನು ತಾವೇ ಇಳಿಸುತ್ತವೆ. ಕಿನೋವಿಯಾ ವೇಗ ಒಂದೇ ಸಮನಿದೆ ಎಂದುಕೊಂಡೇ ಲೆಕ್ಕ ಹಾಕುವುದರಿಂದ ಸಮಯ ತಪ್ಪುತ್ತದೆ. ವೇಗ ಸ್ಥಿರವಾಗಿಡುವ ಕ್ಯಾಮೆರಾ ಆ್ಯಪ್ ಬಳಸಿ. ಸ್ಲೋ ಮೋಷನ್ ಕಡತವಾದರೆ ವಿಡಿಯೊ ಟೈಮಿಂಗ್ ಆಯ್ಕೆಯಲ್ಲಿ ನಿಜವಾದ ಚಿತ್ರೀಕರಣದ ವೇಗವನ್ನು ತುಂಬಲು ಮರೆಯಬೇಡಿ.

ದೂರದ ಅಳತೆಗೆ ಪರ್ಸ್‌ಪೆಕ್ಟಿವ್ ಗ್ರಿಡ್ ಉಪಕರಣ ಇದೆ. ಪುರುಷರ ಅಂಕಣ 13×10 ಮೀಟರ್. ಎರಡೂ ಕಡೆಯ ಒಂದೊಂದು ಮೀಟರ್ ಲಾಬಿ ಬಿಟ್ಟರೆ ಅರ್ಧ ಅಂಕಣ 6.5×8. ಗ್ರಿಡ್‌ನ ನಾಲ್ಕು ಮೂಲೆಗಳನ್ನು ಈ ಆಯತದ ಮೂಲೆಗಳಿಗೆ ಕೂರಿಸಿ ಅಳತೆ ತುಂಬಿದರೆ ಪಾದ ಊರಿದ ಜಾಗ ಮೀಟರಿನಲ್ಲಿ ಸಿಗುತ್ತದೆ. ಮಣ್ಣಿನ ಅಂಕಣದಲ್ಲಿ ಸುಣ್ಣದ ಗೆರೆ ವಿರಾಮದ ಹೊತ್ತಿಗೆ ಅರ್ಧ ಅಳಿಸಿಹೋಗಿರುತ್ತದೆ. ಆದ್ದರಿಂದ ಆಟ ಶುರುವಾಗುವ ಮೊದಲೇ ಟೇಪು ಹಿಡಿದು ಅಳೆದು, ಖಾಲಿ ಅಂಕಣವನ್ನು ಹತ್ತು ಸೆಕೆಂಡು ಚಿತ್ರೀಕರಿಸಿ. ಆಮೇಲೆ ಫೋನ್ ಕದಲಿಸಬೇಡಿ. ಊರಿನ ಅಂಕಣಗಳೆಲ್ಲ ನಿಯಮದ ಅಳತೆಗೇ ಇರುತ್ತವೆಂದು ನಂಬುವುದೂ ಬೇಡ. ಈ ಲೆಕ್ಕ ನೆಲದ ಮೇಲಿರುವ ಪಾದಕ್ಕೆ ಮಾತ್ರ ಸರಿ. ಹಾರಿದ ಕಾಲು, ಚಾಚಿದ ಕೈ, ಮೊಣಕಾಲಿನ ಕೋನ ಇವನ್ನು ಈ ವಿಡಿಯೊದಿಂದ ಅಳೆದು ಬರೆದರೆ ಅದು ಬರೀ ಊಹೆ.

ಇನ್ನು ಹುಡುಗನ ಆಟ. ತಂತ್ರಾಂಶದ ಸ್ಟಾಪ್‌ವಾಚ್‌ನಿಂದ ಪ್ರತಿ ರೈಡ್‌ಗೂ ಎರಡು ಸಮಯ ತೆಗೆಯಿರಿ: ಮಧ್ಯಗೆರೆ ದಾಟಿದ್ದರಿಂದ ಮೊದಲ ಸ್ಪರ್ಶದವರೆಗೆ, ಸ್ಪರ್ಶದಿಂದ ಮರಳಿ ಮಧ್ಯಗೆರೆ ತಲುಪುವವರೆಗೆ. ಜನ ಚಪ್ಪಾಳೆ ಹೊಡೆಯುವುದು ಸ್ಪರ್ಶಕ್ಕೆ. ವೃತ್ತಿಪರ ಆಟದಲ್ಲಿ ರೈಡರ್ ಉಳಿಯುವುದು ಎರಡನೆಯ ಸಮಯದ ಮೇಲೆ, ಏಕೆಂದರೆ ಅಲ್ಲಿ ಕಾರ್ನರ್, ಅಂದರೆ ಮೂಲೆಯ ಡಿಫೆಂಡರ್, ಕಾಲಿಗೆ ಬಿದ್ದ ಕೂಡಲೇ ಕವರ್ ಬಂದು ದಾರಿ ಮುಚ್ಚುತ್ತಾನೆ. ಕೈ ತಾಗಿಸಿದ ಮೇಲೆ ಒಂದು ಹೆಜ್ಜೆ ಹೆಚ್ಚು ಹಾಕಿ ತಿರುಗುವ ಹುಡುಗನನ್ನು, ಸ್ಪರ್ಶದ ಹೊತ್ತಿಗೇ ಹಿಂದಿನ ಕಾಲನ್ನು ಮಧ್ಯಗೆರೆಯತ್ತ ತಿರುಗಿಸಿಟ್ಟಿರುವವನ ಪಕ್ಕದಲ್ಲಿ ಓಡಿಸಿ ನೋಡಿ. ಜೋಡಿ ವಿಡಿಯೊ ಸೌಲಭ್ಯ ಇದಕ್ಕೆಂದೇ ಮಾಡಿದಂತಿದೆ.

ಬೋನಸ್‌ನಲ್ಲಂತೂ ಈ ತಂತ್ರಾಂಶ ಕಣ್ಣು ತೆರೆಸುತ್ತದೆ. ಮಧ್ಯಗೆರೆಯಿಂದ 4.75 ಮೀಟರ್ ದೂರದ ಬೋನಸ್ ಗೆರೆಯಾಚೆ ಮುಂಗಾಲು ಊರುವಾಗ ಹಿಂಗಾಲು ಗಾಳಿಯಲ್ಲಿರಬೇಕು, ಎದುರು ಆರು ಜನವಾದರೂ ಇರಬೇಕು. ಊರ ಪಂದ್ಯದಲ್ಲಿ ಹಿಂಗಾಲಿನ ಹೆಬ್ಬೆರಳು ನೆಲಕ್ಕೆ ತಾಗಿಕೊಂಡೇ ಇದ್ದರೂ ಅಂಕ ಸಿಕ್ಕಿಬಿಡುತ್ತದೆ. ಚೌಕಟ್ಟು ಚೌಕಟ್ಟಾಗಿ ಸರಿಸಿದಾಗ ಕೆಲವರ ಅರ್ಧ ಬೋನಸ್‌ಗಳು ಕಳಚಿಬೀಳುತ್ತವೆ. ಮರುಪರಿಶೀಲನೆ ಇರುವ ಪ್ರೊ ಕಬಡ್ಡಿಯಲ್ಲಿ ಆ ಅಂಕ ಉಳಿಯುವುದಿಲ್ಲ. ಇಂಥ ಹುಡುಗನ ಹೆಜ್ಜೆಯ ಅಳತೆ ಈಗಲೇ ತಿದ್ದಬೇಕು.

ಉಳಿದದ್ದನ್ನು ಸ್ಪ್ರೆಡ್‌ಶೀಟಿನಲ್ಲಿ ಕೈಯಾರೆ ಬರೆಯಬೇಕು: ಎದುರಿದ್ದವರ ಸಂಖ್ಯೆ, ಒಳಹೊಕ್ಕ ಬದಿ, ಸ್ಪರ್ಶದ ಬಗೆ, ಸಿಕ್ಕಿಬಿದ್ದರೆ ಯಾವ ಹಿಡಿತಕ್ಕೆ. ಮೂವರ ಎದುರಿನ ಅಂಕವನ್ನೂ ಏಳು ಜನರ ಎದುರಿನ ಅಂಕವನ್ನೂ ಒಂದೇ ರಾಶಿಗೆ ಹಾಕಬೇಡಿ. ಅಂಕವೇ ಬಾರದ ಎರಡು ಖಾಲಿ ರೈಡ್‌ಗಳ ನಂತರದ ಮಾಡು-ಇಲ್ಲವೇ-ಮಡಿ ರೈಡ್‌ಗೆ ಬೇರೆ ಕಾಲಂ ಇರಲಿ. ಒಂದು ರೈಡ್‌ಗೆ ಸಿಗುವ 30 ಸೆಕೆಂಡಿನಲ್ಲಿ ಎಷ್ಟು ಹೊತ್ತು ಕಾದು ನುಗ್ಗುತ್ತಾನೆ ಎಂಬುದು ಅವನ ತಲೆಯ ಲೆಕ್ಕಾಚಾರ ತೋರಿಸುತ್ತದೆ. ನಾಲ್ಕೈದು ಪಂದ್ಯಗಳಿಗಿಂತ ಕಡಿಮೆ ನೋಡಿ ತೀರ್ಪು ಕೊಡಬೇಡಿ, ಅದರಲ್ಲಿ ಒಂದೆರಡಾದರೂ ಮ್ಯಾಟ್ ಮೇಲಿನವಾಗಿರಲಿ. ಮಣ್ಣಿನಲ್ಲಿ ಜಾರಿ ತಿರುಗುವವನಿಗೆ ಮ್ಯಾಟ್ ಮೇಲೆ ಶೂ ಕಚ್ಚಿಕೊಳ್ಳುತ್ತದೆ, ಮೊಣಕಾಲು ತಿರುಚುವುದು ಆಗಲೇ.

ತಂತ್ರಾಂಶ ಹೇಳದ ಒಂದು ಸಂಗತಿ ಬೆಳವಣಿಗೆ. ಬೇಗ ಪ್ರಾಯಕ್ಕೆ ಬಂದ ಹುಡುಗ ಓರಗೆಯವರನ್ನು ತೂಕದಿಂದಲೇ ಎಳೆದುಕೊಂಡು ಬರುತ್ತಾನೆ. ಹಿರಿಯರ ವಿಭಾಗದಲ್ಲಿ 85 ಕಿಲೊ ಮಿತಿಯ ಹತ್ತಿರದ ಡಿಫೆಂಡರುಗಳು ತಬ್ಬಿದಾಗ ಆ ಬಲ ಸಾಕಾಗುವುದಿಲ್ಲ. ಮೂರು ತಿಂಗಳಿಗೊಮ್ಮೆ ಎತ್ತರ, ತೂಕ ಬರೆದಿಟ್ಟು ವಿಡಿಯೊ ಲೆಕ್ಕದ ಪಕ್ಕದಲ್ಲೇ ಇಟ್ಟುಕೊಳ್ಳಿ. ಸಣಕಲನಾದರೂ ವಾಪಸಾಗುವ ಸಮಯ ಚೆನ್ನಾಗಿರುವ ಹುಡುಗನನ್ನೇ ನಾವು ಮೊದಲು ಆರಿಸುತ್ತೇವೆ.

ಆಯ್ಕೆದಾರರಿಗೆ ಕಳಿಸುವ ತುಣುಕನ್ನೂ ಇದರಲ್ಲೇ ಕತ್ತರಿಸಬಹುದು. ಬರೀ ಸೂಪರ್ ರೈಡ್ (ಮೂರು ಅಥವಾ ಹೆಚ್ಚು ಅಂಕ ತಂದದ್ದು) ಜೋಡಿಸಬೇಡಿ. ಒಂದು ಪೂರ್ಣ ಪಂದ್ಯದ ಎಲ್ಲ ರೈಡ್‌ಗಳನ್ನೂ, ಖಾಲಿ ಹೋದದ್ದು, ಸಿಕ್ಕಿಬಿದ್ದದ್ದು ಸೇರಿಸಿ, ಆಡಿದ ಕ್ರಮದಲ್ಲೇ ಕಳಿಸಿ. ಹದಿನೆಂಟು ತುಂಬದವರ ವಿಡಿಯೊ ಆದರೆ ಮೊದಲು ತಂದೆ-ತಾಯಿಯ ಒಪ್ಪಿಗೆ ಬರಹದಲ್ಲಿ ಪಡೆಯಿರಿ.