ಎದುರಾಳಿ ಬಗ್ಗೆ ಬರೆದಿಡೋದು ಎಲ್ಲಿ? ಆ್ಯಪ್‌ನಲ್ಲೋ, ಎಕ್ಸೆಲ್‌ನಲ್ಲೋ, ಉದ್ದ ರಿಜಿಸ್ಟರ್‌ನಲ್ಲೋ

ಪೋಕರ್ ಅಂದರೆ ದುಡ್ಡು ಕಟ್ಟಿ ಆಡುವ ಇಸ್ಪೀಟ್ ಆಟ. ಅದನ್ನು ಆನ್‌ಲೈನ್‌ನಲ್ಲಿ ಆಡಿದರೆ ಎದುರಿಗೆ ಕೂತವರ ಮುಖ ಕಾಣುವುದಿಲ್ಲ. ಕೈ ನಡುಗುತ್ತಿದೆಯಾ, ಬೆವರುತ್ತಿದ್ದಾನಾ, ಸುಮ್ನೆ ನಗುತ್ತಿದ್ದಾನಾ, ಯಾವುದೂ ಗೊತ್ತಾಗಲ್ಲ. ಕಾಣುವುದು ಒಂದು ಅಡ್ಡಹೆಸರು, ಒಂದು ಹುಲಿಯ ಚಿತ್ರ, ಪಕ್ಕದಲ್ಲಿ ಓಡುತ್ತಿರುವ ಗಡಿಯಾರ. ಈ ಮನುಷ್ಯ ಹೋದ ಸಲ ಏನು ಮಾಡಿದ್ದ ಅನ್ನುವುದೊಂದೇ ನಮಗೆ ಸಿಗುವ ಸುಳಿವು. ಅದನ್ನು ಬರೆದಿಟ್ಟುಕೊಳ್ಳಬೇಕು. ಆದರೆ ಎಲ್ಲಿ, ಹೇಗೆ?

ಒಂದೂವರೆ ವರ್ಷದಲ್ಲಿ ನಾನು ಐದು ದಾರಿ ಹಿಡಿದು ನೋಡಿದೆ. ಪೀಣ್ಯದಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು, ಮನೆ ರಾಜಾಜಿನಗರ. ರಾತ್ರಿ ಊಟ ಆದಮೇಲೆ ಒಂದು ಗಂಟೆ ಆಟ. ಆರು ಜನರ ಟೇಬಲ್, 1 ರೂಪಾಯಿ–2 ರೂಪಾಯಿ ಬ್ಲೈಂಡ್ (ಎಲೆ ನೋಡುವ ಮುಂಚೆಯೇ ಇಬ್ಬರು ಕಟ್ಟಬೇಕಾದ ದುಡ್ಡು). ಗೆದ್ದು ಮನೆ ಕಟ್ಟಿದವನಲ್ಲ. ಒಟ್ಟು ಲೆಕ್ಕ ಹಾಕಿದರೆ ಸ್ವಲ್ಪ ಕಳೆದುಕೊಂಡವನೇ. ಇದೆಲ್ಲ 2025ರ ಆಗಸ್ಟ್‌ಗೆ ಮುಂಚಿನ ಮಾತು. ಆಮೇಲೆ ಆಗಿದ್ದನ್ನು ಮುಂದೆ ಹೇಳುತ್ತೇನೆ, ಯಾಕಂದ್ರೆ ಅಲ್ಲಿ ನನ್ನ ತೀರ್ಮಾನವೇ ಸ್ವಲ್ಪ ಬದಲಾಯಿತು.

ಮೊದಲು ಹಿಡಿದದ್ದು ಎಲ್ಲರೂ ಹಿಡಿಯುವ ದಾರಿ, ಆ್ಯಪ್ ಒಳಗಿನ ನೋಟ್ಸ್ ಡಬ್ಬಿ. ಎದುರಾಳಿಯ ಚಿತ್ರದ ಮೇಲೆ ಒತ್ತಿದರೆ ಸಣ್ಣ ಕಿಟಕಿ ತೆರೆಯುತ್ತದೆ. ನಾಲ್ಕು ಮಾತು ಬರೆಯಬಹುದು, ಹೆಸರಿಗೆ ಒಂದು ಬಣ್ಣ ಹಚ್ಚಬಹುದು. ಮುಂದಿನ ಸಲ ಅವನು ಟೇಬಲ್‌ಗೆ ಬಂದ ತಕ್ಷಣ ಬಣ್ಣ ಕಾಣುತ್ತದೆ. ಹುಡುಕುವ ಕೆಲಸವೇ ಇಲ್ಲ. ಇದರಷ್ಟು ಸಲೀಸು ಬೇರೆ ಯಾವುದೂ ಇಲ್ಲ.

ತಪ್ಪು ಮಾಡಿದ್ದು ನಾನು. ಎಂಟು ಬಣ್ಣ ಕೊಟ್ಟಿದ್ದಾರಲ್ಲ ಅಂತ ಎಂಟನ್ನೂ ಬಳಸಿದೆ. ಎರಡು ವಾರ ಕಳೆಯುವಷ್ಟರಲ್ಲಿ ನೇರಳೆ ಅಂದರೆ ಏನು, ಕಿತ್ತಳೆ ಅಂದರೆ ಏನು ಅಂತ ನನಗೇ ಮರೆತುಹೋಯಿತು. ಕೊನೆಗೆ ಸಿಗ್ನಲ್ ಲೈಟ್ ತರ ಮೂರಕ್ಕೆ ಇಳಿಸಿದೆ. ಹಸಿರು ಅಂದರೆ ಏನು ಬಂದರೂ ಕಾಲ್ ಮಾಡುವವನು (ಎದುರಿನವನು ಹಾಕಿದಷ್ಟೇ ದುಡ್ಡು ಹಾಕಿ ಆಟದಲ್ಲಿ ಉಳಿಯುವವನು), ಇವನ ಮುಂದೆ ಬ್ಲಫ್ ಬೇಡ (ಕೆಟ್ಟ ಎಲೆ ಹಿಡಿದು ಒಳ್ಳೆಯದಿದೆ ಅಂತ ಹೆದರಿಸುವುದು), ಒಳ್ಳೆ ಎಲೆ ಬಂದಾಗ ಧಾರಾಳವಾಗಿ ಬೆಟ್ ಮಾಡು. ಕೆಂಪು ಅಂದರೆ ಎಲೆ ಇಲ್ಲದೆ ದುಡ್ಡು ಹಾಕದವನು, ಇವನು ರೈಸ್ ಮಾಡಿದರೆ, ಅಂದರೆ ದುಡ್ಡು ಏರಿಸಿದರೆ, ಎದ್ದು ಹೋಗು. ಹಳದಿ ಅಂದರೆ ಚೆನ್ನಾಗಿ ಆಡುತ್ತಾನೆ, ಸುಮ್ಸುಮ್ನೆ ಕೆಣಕಬೇಡ.

ಇನ್ನೊಂದು ತಪ್ಪು ಬಣ್ಣದ್ದಲ್ಲ, ಮಾತಿನದು. ಶುರುವಿನಲ್ಲಿ ನಾನು ಬರೆದ ನೋಟ್ಸ್ ಹೀಗಿತ್ತು: 'ಪೆದ್ದ'. 'ಹುಚ್ಚ'. 'ಅದೃಷ್ಟದ ನನ್ಮಗ'. ಸೋತ ಸಿಟ್ಟಿನಲ್ಲಿ ಬರೆದದ್ದು. ಮೂರು ವಾರ ಬಿಟ್ಟು ಆ ಪೆದ್ದ ಮತ್ತೆ ಸಿಕ್ಕ. ಯಾಕೆ ಪೆದ್ದ ಅಂದಿದ್ದೆ ಅಂತ ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಅವತ್ತು ಅವನು ನನ್ನ ಹತ್ತಿರ 400 ರೂಪಾಯಿ ಎತ್ತಿಕೊಂಡು ಹೋದ. ಅಲ್ಲಿಂದ ಒಂದು ನಿಯಮ ಮಾಡಿಕೊಂಡೆ: ಬೈಗುಳ ಬೇಡ, ಕಂಡದ್ದು ಬರಿ. ಎಲ್ಲಿ ಕೂತಿದ್ದ, ಎಷ್ಟು ಹಾಕಿದ, ಕೊನೆಗೆ ಯಾವ ಎಲೆ ತೋರಿಸಿದ.

ಉದಾಹರಣೆಗೆ, ಹೆಸರಿನ ಕೊನೆಗೆ 420 ಅಂತ ಇಟ್ಟುಕೊಂಡಿದ್ದ ಒಬ್ಬನ ಬಗ್ಗೆ ನಾನು ಬರೆದಿದ್ದು: 'ರಿವರ್‌ನಲ್ಲಿ ಪೂರ್ತಿ ಪಾಟ್ ಅಳತೆಯ ಬೆಟ್. ಒಮ್ಮೆ ಏಳರ ಮೂರು ಎಲೆ ತೋರಿಸಿದ, ಒಮ್ಮೆ ಫ್ಲಶ್. ಬ್ಲಫ್ ಮಾಡುವಾಗ ಅರ್ಧ ಪಾಟ್.' ಪಾಟ್ ಅಂದರೆ ಎಲ್ಲರೂ ಹಾಕಿದ ದುಡ್ಡಿನ ಗುಡ್ಡೆ. ನಡುವೆ ಎಲ್ಲರಿಗೂ ಸೇರಿದ ಐದು ಎಲೆ ಬೀಳುತ್ತವೆ: ಮೊದಲ ಮೂರು ಫ್ಲಾಪ್, ನಾಲ್ಕನೆಯದು ಟರ್ನ್, ಕೊನೆಯದು ರಿವರ್. ಏಳರ ಮೂರು ಎಲೆ, ಫ್ಲಶ್ (ಒಂದೇ ಗುರುತಿನ ಐದು ಎಲೆ) ಎರಡೂ ಜೋಡಿಗಿಂತ ದೊಡ್ಡವು. ಹತ್ತು ದಿನ ಬಿಟ್ಟು ಅವನೇ ಎದುರಿಗೆ. ನನ್ನ ಕೈಯಲ್ಲಿ ರಾಜ, ರಾಣಿ. ಫ್ಲಾಪ್ ರಾಜ, 9, 4. ಟರ್ನ್ 2, ರಿವರ್ 6. ಪಾಟ್‌ನಲ್ಲಿ 180 ರೂಪಾಯಿ ಇತ್ತು. ಅವನು ಪೂರ್ತಿ 180 ಹಾಕಿದ. ನಾನು 180 ಕೊಟ್ಟರೆ ಒಟ್ಟು 540. ಅಂದರೆ ಮೂರು ಸಲಕ್ಕೆ ಒಂದು ಸಲ ನಾನು ಗೆದ್ದರೂ ಅಸಲು ಬರುತ್ತದೆ. ಬೇರೆ ಯಾರೇ ಆಗಿದ್ದರೂ ದೊಡ್ಡ ಜೋಡಿ ಹಿಡಿದುಕೊಂಡು ಕಣ್ಣು ಮುಚ್ಚಿ ಕಾಲ್ ಮಾಡುತ್ತಿದ್ದೆ. ಆ ಒಂದು ಸಾಲು ಓದಿ ಫೋಲ್ಡ್ ಮಾಡಿದೆ, ಅಂದರೆ ಎಲೆ ಬಿಟ್ಟುಕೊಟ್ಟೆ. ಅವನು ಎಲೆ ತೋರಿಸಲಿಲ್ಲ. ಮಾಡಿದ್ದು ಸರಿಯೋ ತಪ್ಪೋ ಇವತ್ತಿಗೂ ಗೊತ್ತಿಲ್ಲ. ಪೋಕರ್‌ನಲ್ಲಿ ಇದೇ ಗೋಳು, ಫೋಲ್ಡ್ ಮಾಡಿದವನಿಗೆ ಉತ್ತರ ಪತ್ರಿಕೆ ಸಿಗಲ್ಲ. ಆದರೆ ಗಡಿಯಾರದಲ್ಲಿ ಹನ್ನೆರಡು ಸೆಕೆಂಡ್ ಉಳಿದಿದ್ದಾಗ ಓದಿ ಮುಗಿಸಬಹುದಾದ ಸಾಲು ಅದು. ಇಷ್ಟು ಸಾಕು ಅಂತ ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು.

ಲೆಕ್ಕದವನಲ್ವಾ, ನಿಲ್ಲಲಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಎಕ್ಸೆಲ್ ತೆರೆದೆ. ಹೆಸರು, ದಿನಾಂಕ, ಎಷ್ಟು ಸಲ ಸಿಕ್ಕ, ಫ್ಲಾಪ್‌ಗೆ ಮುಂಚೆ ಏನು ಮಾಡುತ್ತಾನೆ, ಆಮೇಲೆ ಏನು, ತೋರಿಸಿದ ಎಲೆ. ಹದಿಮೂರು ಕಾಲಂ. ಎರಡು ತಿಂಗಳಲ್ಲಿ 140 ಸಾಲು ತುಂಬಿತು. ನೋಡೋಕೆ ಎಷ್ಟು ಚಂದ ಅಂತೀರಾ! ಫಿಲ್ಟರ್ ಹಾಕಿದರೆ ಬರೀ ಬ್ಲಫ್ ಮಾಡುವವರ ಪಟ್ಟಿ ಬರುತ್ತಿತ್ತು. ಆಡುವಾಗ ಮಾತ್ರ ಮೂರು ಕಾಸಿನ ಉಪಯೋಗ ಇಲ್ಲ. ಹೊಸಬ ಬಂದು ಕೂತರೆ ಎಕ್ಸೆಲ್‌ಗೆ ಹೋಗಬೇಕು, ಹೆಸರು ಹುಡುಕಬೇಕು, ಸಾಲು ಓದಬೇಕು, ವಾಪಸ್ ಬರಬೇಕು. ಒಂದು ರಾತ್ರಿ ನನಗೆ ಮೂರು ರಾಣಿ ಕೂಡಿಬಂದಿತ್ತು. ಎದುರಿನವನು ಬೆಟ್ ಮಾಡಿದ. ಇವನು ಯಾರಪ್ಪ ಅಂತ ಎಕ್ಸೆಲ್‌ನಲ್ಲಿ ಹುಡುಕಲು ಹೋದೆ. ಸಿಕ್ಕಿದ, ಎಂಬತ್ತೇಳನೇ ಸಾಲು, ಎಲ್ಲದಕ್ಕೂ ಕಾಲ್ ಮಾಡುವವನು. ಖುಷಿಯಿಂದ ವಾಪಸ್ ಬಂದರೆ ಟೈಮ್ ಮುಗಿದು ಆ್ಯಪ್ ನನ್ನ ಎಲೆಯನ್ನು ತಾನೇ ಫೋಲ್ಡ್ ಮಾಡಿತ್ತು. ಮೂರು ರಾಣಿ ಸಮೇತ.

ಆದರೂ ಎಕ್ಸೆಲ್ ಒಂದು ವಿಷಯ ತೋರಿಸಿಕೊಟ್ಟಿತು. ಆ 140 ಜನರಲ್ಲಿ ಮೂರಕ್ಕಿಂತ ಜಾಸ್ತಿ ಸಲ ಸಿಕ್ಕವರು ಬರೀ 23 ಮಂದಿ. ಉಳಿದವರ ಬಗ್ಗೆ ಬರೆದದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಮೂರನೆಯದು ಹಡ್. ಹೆಸರು ಕೇಳದವರಿಗೆ ಹೇಳುವುದಾದರೆ, ಇದು ಕಂಪ್ಯೂಟರ್‌ನಲ್ಲಿ ಓಡುವ ಸಾಫ್ಟ್‌ವೇರ್. ಆಡಿದ ಪ್ರತಿ ಆಟದ ದಾಖಲೆಯನ್ನು ಓದಿಕೊಂಡು, ಪ್ರತಿಯೊಬ್ಬ ಎದುರಾಳಿಯ ಹೆಸರಿನ ಪಕ್ಕ ಅಂಕಿಗಳನ್ನು ತೇಲಿಸುತ್ತದೆ. ಪೋಕರ್‌ಟ್ರ್ಯಾಕರ್ 4, ಹೋಲ್ಡೆಮ್ ಮ್ಯಾನೇಜರ್ ಇವೆಲ್ಲ ಇದೇ ಜಾತಿಯವು. ಮುಖ್ಯವಾದ ಅಂಕಿ ಎರಡು. ನೂರು ಕೈಯಲ್ಲಿ (ಒಂದು ಸಲ ಎಲೆ ಹಂಚಿ ಆಡಿದರೆ ಒಂದು ಕೈ) ಎಷ್ಟು ಸಲ ತಾನಾಗಿ ದುಡ್ಡು ಹಾಕಿ ಆಟಕ್ಕೆ ಇಳಿಯುತ್ತಾನೆ ಅನ್ನುವುದು ವಿಪಿಐಪಿ. ಫ್ಲಾಪ್‌ಗೆ ಮುಂಚೆ ಎಷ್ಟು ಸಲ ರೈಸ್ ಮಾಡುತ್ತಾನೆ ಅನ್ನುವುದು ಪಿಎಫ್‌ಆರ್. 22/18 ಅಂತ ಇದ್ದರೆ ಆಯ್ದು ಆಡುವವನು, ಆಡಿದರೆ ಜೋರಾಗಿ ಆಡುವವನು. 52/8 ಅಂತ ಇದ್ದರೆ ಎಲ್ಲದಕ್ಕೂ ನುಗ್ಗುತ್ತಾನೆ, ರೈಸ್ ಮಾಡಲು ಮಾತ್ರ ಹೆದರಿಕೆ.

ನಾನು ಅಂಥದ್ದೊಂದರ ಉಚಿತ ಟ್ರಯಲ್ ಹಾಕಿಕೊಂಡು ನೋಡಿದೆ. ಮೊದಲ ದಿನ ತಲೆ ತಿರುಗಿತು. ಐದು ಜನ ಎದುರಾಳಿ, ಒಬ್ಬೊಬ್ಬರಿಗೆ ಆರು ಅಂಕಿ, ಸ್ಕ್ರೀನ್ ತುಂಬ ಮೂವತ್ತು ಅಂಕಿ ಕುಣಿಯುತ್ತಿವೆ. ಟಿವಿಯಲ್ಲಿ ಷೇರು ಪೇಟೆ ಪಟ್ಟಿ ಓಡುತ್ತದಲ್ಲ, ಹಾಗೆ. ಒಬ್ಬನ ವಿಪಿಐಪಿ 52 ತೋರಿಸುತ್ತಿತ್ತು. ಆಹಾ, ಗಿರಾಕಿ ಸಿಕ್ಕ ಅಂತ ಅವನ ಹಿಂದೆ ಬಿದ್ದೆ. ಆಮೇಲೆ ಗೊತ್ತಾಯಿತು, ಆ ಅಂಕಿ ಬಂದದ್ದು ಬರೀ 25 ಕೈಗಳಿಂದ. ಹದಿಮೂರರಲ್ಲಿ ಆಡಿದ್ದ, ಅಷ್ಟೆ. ಒಳ್ಳೆ ಎಲೆ ಸಾಲಾಗಿ ಬಿದ್ದಿದ್ದರೆ ನಾನೂ ಆಡುತ್ತಿದ್ದೆ. ಎರಡನೇ ವಾರ, ಸುಮಾರು 400 ಕೈ ದಾಟಿದಾಗ, ಅದೇ ಮನುಷ್ಯನ ಅಂಕಿ 31ಕ್ಕೆ ಇಳಿದಿತ್ತು. ವಿಪಿಐಪಿ ನೂರಿನ್ನೂರು ಕೈಗೆ ಒಂದು ಹದಕ್ಕೆ ಬರುತ್ತದೆ. ರಿವರ್‌ನಲ್ಲಿ ಹೇಗೆ ಆಡುತ್ತಾನೆ ಅನ್ನುವ ಅಂಕಿಗೆ ಸಾವಿರಗಟ್ಟಲೆ ಕೈ ಬೇಕು, ಯಾಕಂದ್ರೆ ರಿವರ್‌ವರೆಗೆ ಹೋಗುವ ಆಟವೇ ಕಮ್ಮಿ. ದಿನಕ್ಕೆ ಒಂದು ಗಂಟೆ, ಒಂದೇ ಟೇಬಲ್ ಆಡುವ ನನ್ನಂಥವನಿಗೆ ಅಷ್ಟು ಕೈ ಯಾವಾಗ ಆಗಬೇಕು? ಒಟ್ಟಿಗೆ ನಾಲ್ಕು ಟೇಬಲ್ ಆಡುವವರಿಗೆ ಹಡ್ ಬೇಕೇ ಬೇಕು, ಅದನ್ನು ಒಪ್ಪುತ್ತೇನೆ. ಅವರಿಗೆ ಒಬ್ಬೊಬ್ಬರನ್ನೇ ನೋಡುತ್ತಾ ಕೂರಲು ಪುರುಸೊತ್ತಿಲ್ಲ.

ಇನ್ನೊಂದು ತೊಡಕಿದೆ. ಹಡ್ ಎಲ್ಲ ಕಡೆ ಒಪ್ಪಿಗೆ ಇರುವ ಸಾಮಾನಲ್ಲ. ಹೊರಗಿನ ಸಾಫ್ಟ್‌ವೇರ್ ಬಳಸಿದರೆ ಖಾತೆ ಮುಚ್ಚುತ್ತೇವೆ ಅಂತ ಎಷ್ಟೋ ತಾಣಗಳ ನಿಯಮದಲ್ಲೇ ಇರುತ್ತದೆ. ಜಿಜಿಪೋಕರ್‌ನಂಥವರು ಹೊರಗಿನದನ್ನು ಬಿಡದೆ, ತಮ್ಮದೇ ಅಂಕಿಗಳನ್ನು ಒಳಗೇ ತೋರಿಸುತ್ತಾರೆ. ನಿಯಮ ಓದದೆ ಹಾಕಿಕೊಳ್ಳಬೇಡಿ. ಕೈಯಲ್ಲಿ ಬರೆದುಕೊಂಡರೆ ಯಾರೂ ಕೇಳಲ್ಲ.

ಫೋನ್‌ಗೆ ಮಾತಾಡಿ ರೆಕಾರ್ಡ್ ಮಾಡುವುದನ್ನೂ ಎರಡು ದಿನ ನೋಡಿದೆ. "ರಾತ್ರಿ ಹನ್ನೊಂದು ಗಂಟೆಗೆ ಯಾರನ್ನ ಬೈಕೊಳ್ತಾ ಕೂತಿದೀರ?" ಅಂತ ಒಳಗಿನಿಂದ ನನ್ನ ಹೆಂಡತಿ ಕೇಳಿದಳು. ಅಲ್ಲಿಗೆ ಮುಗಿಯಿತು.

ಕೊನೆಯದು ಪುಸ್ತಕ. ಅವೆನ್ಯೂ ರೋಡ್‌ಗೆ ಬೇರೆ ಕೆಲಸಕ್ಕೆ ಹೋಗಿದ್ದೆ. ಲೆಕ್ಕದ ಪುಸ್ತಕ ಮಾರುವ ಅಂಗಡಿಯಲ್ಲಿ ಬದಿಗೆ ಎ, ಬಿ, ಸಿ ಅಂತ ಮೆಟ್ಟಿಲು ಕತ್ತರಿಸಿದ ಉದ್ದ ರಿಜಿಸ್ಟರ್ ಕಣ್ಣಿಗೆ ಬಿತ್ತು. ಗಟ್ಟಿ ರಟ್ಟು, ಕೆಂಪು ಬಟ್ಟೆಯ ಬೆನ್ನು. 90 ಅಂದರು, 70ಕ್ಕೆ ಕೊಟ್ಟರು. ಹೆಂಡತಿ ನೋಡಿ, "ಇದೇನ್ರೀ, ಚೀಟಿ ವ್ಯವಹಾರ ಶುರು ಮಾಡಿದ್ರಾ?" ಅಂದಳು.

ಆಡುವಾಗ ಇದನ್ನು ತೆರೆಯುತ್ತಿರಲಿಲ್ಲ. ಆಟ ಮುಗಿದ ಮೇಲೆ ಹತ್ತು ನಿಮಿಷ ಕೂತು, ಅವತ್ತು ಕಂಡ ಎರಡೋ ಮೂರೋ ಸಂಗತಿ ಮಾತ್ರ ಬರೆಯುತ್ತಿದ್ದೆ. ಆ್ಯಪ್‌ನಲ್ಲಿ ಗಡಿಯಾರದ ಮುಂದೆ ಕನ್ನಡ ಒತ್ತುತ್ತಾ ಕೂರಲು ಆಗುತ್ತಿರಲಿಲ್ಲ, ಇಂಗ್ಲಿಷ್ ಅಕ್ಷರದಲ್ಲೇ ಏನೋ ಗೀಚುತ್ತಿದ್ದೆ. ಪುಸ್ತಕದಲ್ಲಿ ನನ್ನದೇ ಸಂಕೇತ ಹುಟ್ಟಿತು. 'ಲಿಂ-ಕಾ' ಅಂದರೆ ಮೊದಲು ಸುಮ್ಮನೆ ಬ್ಲೈಂಡ್ ಕೊಟ್ಟು ಒಳಗೆ ಬಂದು, ಆಮೇಲೆ ಯಾರಾದರೂ ರೈಸ್ ಮಾಡಿದರೆ ಕಾಲ್ ಮಾಡುವವನು. 'ರಿ-ಪಾ' ಅಂದರೆ ರಿವರ್‌ನಲ್ಲಿ ಪೂರ್ತಿ ಪಾಟ್. ಕೈಯಲ್ಲಿ ಬರೆದದ್ದು ತಲೆಯಲ್ಲಿ ಉಳಿಯುತ್ತದೆ, ಇದು ನಿಜ. 420ನ ವಿಷಯ ಪುಸ್ತಕಕ್ಕೆ ಇಳಿಸಿದ ಮೇಲೆ ಅವನ ನೋಟ್ಸ್ ತೆರೆದು ನೋಡುವ ಅಗತ್ಯವೇ ಬೀಳಲಿಲ್ಲ.

ಪುಸ್ತಕದ ತೊಂದರೆ ಬಲು ಮಜವಾಗಿತ್ತು. ಪೋಕರ್ ಆಡುವವರಲ್ಲಿ ಅರ್ಧಕ್ಕರ್ಧ ಜನ ಹೆಸರನ್ನು ಕಿಂಗ್ ಅಂತ ಶುರು ಮಾಡುತ್ತಾರೆ. ಇಲ್ಲಾಂದ್ರೆ ಏಸ್. ಎರಡು ವಾರದಲ್ಲಿ ಕೆ ಪುಟ ತುಂಬಿ, ಪಕ್ಕದ ಎಲ್ ಪುಟಕ್ಕೆ ಹರಿದು, ಅದನ್ನೂ ದಾಟಿತು. ಕ್ಯೂ, ಎಕ್ಸ್, ವೈ ಪುಟಗಳು ಇವತ್ತಿಗೂ ಹೊಸದಾಗಿಯೇ ಇವೆ.

2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆ ಪಾಸು ಮಾಡಿತು. 22ನೇ ತಾರೀಕು ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟ ಇಡೀ ದೇಶದಲ್ಲಿ ಬಂದ್. ಕರ್ನಾಟಕದಲ್ಲಿ ಇದಕ್ಕೂ ಮುಂಚೆ, 2021ರಲ್ಲಿ, ಇಂಥದ್ದೇ ಕಾನೂನು ಬಂದಿತ್ತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತ್ತು. ಈ ಸಲದ್ದು ಕೇಂದ್ರದ್ದೇ. ನಾನು ಆಡುತ್ತಿದ್ದ ಆ್ಯಪ್‌ನಲ್ಲಿ ದುಡ್ಡಿನ ಟೇಬಲ್‌ಗಳು ಮಾಯವಾದವು. ಉಳಿದಿದ್ದ ಚಿಲ್ಲರೆ ದುಡ್ಡು ಬ್ಯಾಂಕಿಗೆ ವಾಪಸ್ ಬಂತು. ನೋಟ್ಸ್ ಮಾತ್ರ ಬರಲಿಲ್ಲ. ಟೇಬಲ್ ಇದ್ದರೆ ತಾನೇ ಎದುರಾಳಿಯ ಚಿತ್ರ, ಚಿತ್ರ ಇದ್ದರೆ ತಾನೇ ನೋಟ್ಸ್ ತೆರೆಯುವುದು? ಹಸಿರು, ಕೆಂಪು, ಹಳದಿ ಎಲ್ಲ ಒಳಗೇ ಸಿಕ್ಕಿಕೊಂಡಿತು. 70 ರೂಪಾಯಿಯ ರಿಜಿಸ್ಟರ್ ಮೇಜಿನ ಮೇಲೆ ಹಾಗೇ ಇತ್ತು.

ಈಗ ಶನಿವಾರ ರಾತ್ರಿ ನಾವು ಐದು ಜನ, ಉಚಿತ ಚಿಪ್ಸ್‌ನಲ್ಲಿ, ಅಂದರೆ ಆಟಕ್ಕಷ್ಟೇ ಇರುವ ಸುಳ್ಳು ದುಡ್ಡಿನಲ್ಲಿ, ನಮ್ಮದೇ ಖಾಸಗಿ ಟೇಬಲ್ ಮಾಡಿಕೊಂಡು ಆಡುತ್ತೇವೆ. ಒಬ್ಬ ವಿಜಯನಗರ, ಒಬ್ಬ ಯಲಹಂಕ, ಒಬ್ಬ ಕೆಂಗೇರಿ, ಹೆಂಡತಿಯ ತಮ್ಮ ಜೆ.ಪಿ. ನಗರ. ಒಂದು ರೂಪಾಯಿಯೂ ಇಲ್ಲ. ಯಾರೋ ಗೊತ್ತಿಲ್ಲದವರ ಜೊತೆ ಉಚಿತ ಚಿಪ್ಸ್ ಆಡಿದರೆ ನೋಟ್ಸ್ ದಂಡ. ಕಳೆದುಕೊಳ್ಳುವುದು ಏನೂ ಇಲ್ಲ ಅಂತ ಏಳು-ಎರಡಿನಂಥ ಕೆಟ್ಟ ಎಲೆ ಹಿಡಿದುಕೊಂಡೂ ಆಲ್-ಇನ್ ಮಾಡುತ್ತಾರೆ, ಇದ್ದಬದ್ದ ಚಿಪ್ಸ್ ಎಲ್ಲ ಒಟ್ಟಿಗೆ ಹಾಕುತ್ತಾರೆ. ಗೆಳೆಯರ ಟೇಬಲ್ ಹಾಗಲ್ಲ. ಮಾನ ಹೋಗುತ್ತದಲ್ಲ, ಆಮೇಲೆ ವಾರವಿಡೀ ವಾಟ್ಸಾಪ್‌ನಲ್ಲಿ ಕಾಲೆಳೆಯುತ್ತಾರೆ. ಅದಕ್ಕೇ ಎಲ್ಲರೂ ನಿಜವಾಗಿ ಯೋಚಿಸಿ ಆಡುತ್ತಾರೆ. ಮೇಲಾಗಿ ಅದೇ ನಾಲ್ಕು ಜನ ವಾರವಾರವೂ ಸಿಗುತ್ತಾರೆ. ಬರೆದ ಒಂದು ಸಾಲೂ ದಂಡ ಆಗುವುದಿಲ್ಲ.

ಮೊದಲೇ ಯಾರಾದರೂ ಕೇಳಿದ್ದರೆ ಕಣ್ಣು ಮುಚ್ಚಿ ಆ್ಯಪ್ ಡಬ್ಬಿ ಅನ್ನುತ್ತಿದ್ದೆ. ಈಗಲೂ ಆಡುವ ಹೊತ್ತಿಗೆ ಅದೇ ಸರಿ, ಮೂರೇ ಬಣ್ಣ, ಒಂದೇ ಸಾಲು. ಆದರೆ ಇಟ್ಟುಕೊಳ್ಳುವುದಕ್ಕೆ ಪುಸ್ತಕ. ಎಕ್ಸೆಲ್ ಬೇಡವೇ ಬೇಡ, ಅದನ್ನು ಆಫೀಸ್‌ನಲ್ಲಿ ನೋಡಿದ್ದು ಸಾಕು.

ಪುಸ್ತಕಕ್ಕೂ ಒಂದು ಅಪಾಯ ಇದೆ, ಅದಕ್ಕೆ ಪಾಸ್‌ವರ್ಡ್ ಇಲ್ಲ. ಹೋದ ತಿಂಗಳು ಭಾವಮೈದ ಊಟಕ್ಕೆ ಬಂದಿದ್ದ. ನಾನು ಕೈ ತೊಳೆದು ಬರುವಷ್ಟರಲ್ಲಿ ರಿಜಿಸ್ಟರ್ ತೆರೆದು ತನ್ನ ಹೆಸರಿನ ಪುಟ ಹುಡುಕಿಬಿಟ್ಟಿದ್ದ.

"ಏನ್ ಭಾವ ಇದು? 'ಬ್ಲಫ್ ಮಾಡುವ ಮುಂಚೆ ಚಾಟ್‌ನಲ್ಲಿ ಜಾಸ್ತಿ ಮಾತಾಡ್ತಾನೆ' ಅಂತೆ!"

ಆ ಶನಿವಾರ ಅವನು ಪ್ರತಿ ಕೈಗೂ ಚಾಟ್‌ನಲ್ಲಿ ಮಾತಾಡಿದ. ಎಲೆ ಇದ್ದರೂ ಮಾತು, ಇಲ್ಲದಿದ್ದರೂ ಮಾತು, ಫೋಲ್ಡ್ ಮಾಡಿದ ಮೇಲೂ ಮಾತು. ಆ ಸಾಲನ್ನು ಕೆಂಪು ಪೆನ್ನಲ್ಲಿ ಹೊಡೆದುಹಾಕಿ, ಕೆಳಗೆ ತಾರೀಕು ಮಾತ್ರ ಬರೆದಿಟ್ಟಿದ್ದೇನೆ.